ಮಾನದ ಪರದೆಯ ಹಿಂದೆ ಬೆಳೆಯುವ ಕಾಯಿಲೆ

ಮನೆಯ ಮಗನಿಗೆ ಸಕ್ಕರೆ ಕಾಯಿಲೆ ಬಂದರೆ ನೆರೆಹೊರೆಯವರೆಲ್ಲ ವೈದ್ಯರ ಹೆಸರು ಸೂಚಿಸುತ್ತಾರೆ. ಅದೇ ಮಗ ನಿದ್ದೆಗೆಟ್ಟು, ಒಬ್ಬನೇ ಮಾತನಾಡತೊಡಗಿದರೆ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಮೊದಲು ತಾಯಿತ, ಬಳಿಕ ಮಂತ್ರಿಸಿದ ನೀರು, ಕೊನೆಗೆ ‘ಮದುವೆ ಮಾಡಿದರೆ ಸರಿಹೋದೀತು’ ಎಂಬ ಹಿರಿಯರ ತೀರ್ಪು. ಏನೂ ಅರಿಯದ ಹೆಣ್ಣುಮಗಳೊಬ್ಬಳ ತಲೆಗೆ ಆ ಭಾರವನ್ನು ಕಟ್ಟಿ, ಮನೆತನದ ಮಾನ ಉಳಿಯಿತೆಂದು ನಾವು ಸಮಾಧಾನಪಡುತ್ತೇವೆ. ಇದಕ್ಕೆ ಅನ್ಯಾಯವೆಂಬುದಲ್ಲದೆ ಬೇರೆ ಹೆಸರಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಅವರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಹತ್ತರಲ್ಲಿ ಒಬ್ಬರನ್ನು ಬಾಧಿಸುವ ರೋಗ ನಮ್ಮ ಮೊಹಲ್ಲಾಗಳನ್ನು ಮಾತ್ರ ಬಿಟ್ಟುಹೋಗಿದೆಯೆಂದು ನಂಬುವುದು ಆತ್ಮವಂಚನೆ.

‘ನಮ್ಮಲ್ಲಿ ಮದ್ಯ ನಿಷಿದ್ಧ, ಆದ್ದರಿಂದ ವ್ಯಸನ ನಮ್ಮ ಸಮಸ್ಯೆಯಲ್ಲ’ ಎನ್ನುವವರಿದ್ದಾರೆ. ನಿಷೇಧವು ಬೇಲಿ, ಬೇಲಿ ದಾಟಿ ಹಳ್ಳಕ್ಕೆ ಬಿದ್ದವನನ್ನು ಮೇಲೆತ್ತುವ ಹೊಣೆಯಿಂದ ಅದು ಸಮುದಾಯವನ್ನು ಬಿಡುಗಡೆಗೊಳಿಸುವುದಿಲ್ಲ. ಗಾಂಜಾ, ನಿದ್ದೆಮಾತ್ರೆ, ಕೆಮ್ಮಿನ ಸಿರಪ್, ಪಂಕ್ಚರ್ ಹಾಕುವ ಸೊಲ್ಯೂಷನ್ನಿನ ವಾಸನೆ ಇವೆಲ್ಲ ಜಾತಿ ಧರ್ಮ ಕೇಳಿ ಬರುವುದಿಲ್ಲ. ಕುಡುಕ ಮಗನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸುತ್ತೇವೆನ್ನುವ ಕುಟುಂಬಗಳು ಒಂದನ್ನು ತಿಳಿದಿರಬೇಕು. ಬಹುಕಾಲ ವಿಪರೀತ ಕುಡಿದ ದೇಹಕ್ಕೆ ಮದ್ಯ ಹಠಾತ್ತನೆ ನಿಂತರೆ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು, ಪ್ರಾಣವೇ ಹೋಗಬಹುದು. ವೈದ್ಯರ ನಿಗಾದಲ್ಲಿ ಔಷಧಿಯೊಂದಿಗೆ ಬಿಡಿಸಬೇಕಾದ ಚಟ ಅದು. ಬೈಗುಳ, ಬಹಿಷ್ಕಾರ, ಜಮಾಅತ್ತಿನ ದಂಡ ಯಾವುದೂ ಅದಕ್ಕೆ ಮದ್ದಲ್ಲ.

ಪಾಪವನ್ನು ಕಾಯಿಲೆಯೆಂದು ಕರೆದು ಹಗುರಗೊಳಿಸುತ್ತಿದ್ದೀರಿ ಎಂಬ ಆಕ್ಷೇಪವೂ ಇದೆ. ಪಾಪಕ್ಕೆ ಪಶ್ಚಾತ್ತಾಪವಿದೆ, ರೋಗಕ್ಕೆ ಚಿಕಿತ್ಸೆಯಿದೆ; ಒಂದು ಇನ್ನೊಂದನ್ನು ತಡೆಯುವುದಿಲ್ಲ. ಪ್ರತಿಯೊಂದು ರೋಗಕ್ಕೂ ಔಷಧಿಯಿದೆಯೆಂದು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು ನಾವು. ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಅಬೂ ಝೈದ್ ಅಲ್ ಬಲ್‌ಖಿ ದೇಹದ ಆರೋಗ್ಯದ ಜೊತೆಗೇ ಮನಸ್ಸಿನ ಆರೋಗ್ಯದ ಬಗ್ಗೆ ಗ್ರಂಥ ರಚಿಸಿದರು. 1284ರಲ್ಲಿ ಕೈರೋದಲ್ಲಿ ಸ್ಥಾಪಿತವಾದ ಮನ್ಸೂರಿ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಸ್ಥಳವಿತ್ತು; ಅದು ವಕ್ಫ್ ಆದಾಯದಿಂದ ನಡೆಯುತ್ತಿತ್ತು. ಅಂತಹ ಪರಂಪರೆಯ ವಾರಸುದಾರರ ನಾಡಿನಲ್ಲಿ, 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ದರ್ಗಾ ಪರಿಸರದಲ್ಲಿ ಸರಪಳಿಯಿಂದ ಬಿಗಿದಿದ್ದ 28 ರೋಗಿಗಳು ಬೆಂಕಿಗೆ ಆಹುತಿಯಾದರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸಂಪೂರ್ಣವಾಗಿ ನಿಷೇಧಿಸಿದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಹರಕೆ ಹೊತ್ತು ಬಂದವರನ್ನು ಅಲ್ಲಿಯೇ ಮನೋವೈದ್ಯರ ಬಳಿಗೂ ಕಳುಹಿಸುವ ‘ದವಾ-ದುವಾ’ ಯೋಜನೆ ಆರಂಭವಾಯಿತು. ಔಷಧಿ ಮತ್ತು ಪ್ರಾರ್ಥನೆ ಜೊತೆಯಾಗಿ ಸಾಗಬಲ್ಲವು ಎಂಬುದಕ್ಕೆ ಅದು ನಿದರ್ಶನ.

ಸರ್ಕಾರವೂ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. 2024-25ರಲ್ಲಿ ಅಬಕಾರಿಯಿಂದ 38 ಸಾವಿರ ಕೋಟಿ ರೂಪಾಯಿಗೂ ಅಧಿಕ ಆದಾಯದ ಗುರಿ ಇಟ್ಟುಕೊಂಡ ರಾಜ್ಯವು, ಆ ಆದಾಯ ಹುಟ್ಟಿಸುವ ರೋಗಿಗಳಿಗಾಗಿ ಎಷ್ಟು ವ್ಯಯಿಸುತ್ತಿದೆ? ತಾಲೂಕು ಆಸ್ಪತ್ರೆಗೆ ಮಂಗಳವಾರದಂದು ಮನೋವೈದ್ಯರು ಬರಬೇಕೆಂಬುದು 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದ ಆಶಯ. ಆದರೆ ಸಂತೆಬಾಚಹಳ್ಳಿಯಂತಹ ಹೋಬಳಿ ಊರಿನ ಕೂಲಿಕಾರನಿಗೆ ಕೆ.ಆರ್. ಪೇಟೆಯೇ ಒಂದು ದಿನದ ಕೂಲಿ ಬಿಟ್ಟು ಹೋಗಬೇಕಾದ ಜಾಗ. ಮಂಡ್ಯ, ಮೈಸೂರುಗಳು ಇನ್ನೂ ದೂರ. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ನಡೆದ ಗಲಭೆಯಲ್ಲಿ ಅಂಗಡಿಗಳು ಸುಟ್ಟವು. ಸುಟ್ಟ ಸರಕಿಗೆ ಬೆಲೆ ಕಟ್ಟಬಹುದು. ಅಂದಿನಿಂದ ನಿದ್ದೆ ಕಳೆದುಕೊಂಡ ಮಕ್ಕಳ, ಬೀದಿಯಲ್ಲಿ ಗದ್ದಲವಾದರೆ ಬೆಚ್ಚುವ ತಾಯಂದಿರ ನಷ್ಟವನ್ನು ಯಾವ ಕಡತದಲ್ಲಿ ಬರೆಯಲಾಗುತ್ತದೆ? ಈ ನೋವು ಮುಸ್ಲಿಮರ ಮನೆಗಳಿಗಷ್ಟೇ ಸೀಮಿತವಲ್ಲ. ಬೇಡಿಕೆಯೂ ಎಲ್ಲರ ಪರವಾಗಿಯೇ ಇರಬೇಕು.

ಆದರೆ ಸರ್ಕಾರವನ್ನು ದೂರುತ್ತಾ ಕೂರುವ ಮುನ್ನ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ವರ್ಷಕ್ಕೆ ಒಂದು ಶುಕ್ರವಾರವಾದರೂ ಖುತ್ಬಾದಲ್ಲಿ ಈ ವಿಷಯ ಪ್ರಸ್ತಾಪವಾಗಲಿ. ಮಸೀದಿಯ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲೇ ಟೆಲಿ ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನು ಬರೆಯೋಣ. 2022ರಲ್ಲಿ ಆರಂಭವಾದ ಈ ಸೇವೆ ಉಚಿತ, ಕನ್ನಡದಲ್ಲೂ ಲಭ್ಯ. ಬಡ ರೋಗಿಯ ಬಸ್ಸಿನ ವೆಚ್ಚ ಹಾಗೂ ಔಷಧಿಗೆ ಬೈತುಲ್ ಮಾಲ್‌ನಿಂದ ನೆರವು ಸಿಗಲಿ. ಪೊಲೀಸರ ಭಯದಿಂದ ಮಗನನ್ನು ಅಡಗಿಸಿಡುವ ಹೆತ್ತವರಿಗೆ, 1985ರ ಮಾದಕ ದ್ರವ್ಯ ಕಾಯ್ದೆಯ 64-ಎ ಕಲಮಿನ ಬಗ್ಗೆ ತಿಳಿಸೋಣ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅದು ವಿಚಾರಣೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು, ಅಷ್ಟೆ. ನಿಕಾಹ್‌ಗೆ ಮುನ್ನ ಕಾಯಿಲೆಯನ್ನು ಮರೆಮಾಚುವುದು ವಂಚನೆಯೆಂದು ಮುತವಲ್ಲಿಗಳು ಸ್ಪಷ್ಟವಾಗಿ ಹೇಳಲಿ.

ಜನಾಝಾಕ್ಕೆ ಹೆಗಲು ಕೊಡಲು ಇಡೀ ಮೊಹಲ್ಲಾ ಓಡಿಬರುತ್ತದೆ. ಆ ಹೆಗಲನ್ನು ಅವನು ಬದುಕಿರುವಾಗಲೇ, ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಕೊಡಲು ನಮಗೇನು ಅಡ್ಡಿ?