ತಾಯಂದಿರನ್ನು ಕಟಕಟೆಯಲ್ಲಿ ನಿಲ್ಲಿಸಿದ್ದು ಸಾಕು

ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ) ಇರುವ ಮಗುವಿನ ತಾಯಿಗೆ ಉಪದೇಶಕ್ಕೇನೂ ಬರವಿಲ್ಲ. ‘ಮುದ್ದು ಮಾಡಿ ಕೆಡಿಸಿದ್ದೀಯ, ಎರಡು ಬಿಟ್ಟರೆ ಸರಿಹೋಗ್ತಾನೆ’ ಅನ್ನುತ್ತಾರೆ ನೆಂಟರು. ‘ಮನೇಲಿ ಸ್ವಲ್ಪ ಶಿಸ್ತು ಕಲಿಸಿ’ ಎಂದು ಡೈರಿಯಲ್ಲಿ ಬರೆದು ಕಳಿಸುತ್ತಾರೆ ಶಾಲೆಯವರು. ಇದರ ಮಧ್ಯೆ ‘ಪೋಷಕರಿಗೆ ತರಬೇತಿ’ ಎಂದರೆ ಅದೂ ಮತ್ತೊಂದು ಛೀಮಾರಿಯಂತೆ ಕೇಳಿಸುವುದು ಸಹಜವೇ. ಹಾಗೆಂದು ತರಬೇತಿಯೇ ಬೇಡ ಎನ್ನುವವರ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಎಡಿಎಚ್‌ಡಿಯಲ್ಲಿ ವಂಶವಾಹಿಯ ಪಾಲು ದೊಡ್ಡದು. ಅಮ್ಮನ ಸಲುಗೆಯಿಂದ ಅದು ಹುಟ್ಟುವುದಿಲ್ಲ. ಹಾಗಿದ್ದರೆ ಅಪ್ಪ ಅಮ್ಮ ಕಲಿಯುವುದೇನು? ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ‘ನೈಸ್’ ಸಂಸ್ಥೆಯ 2018ರ ಮಾರ್ಗಸೂಚಿಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆಯೇ ಪೋಷಕರ ಗುಂಪು ತರಬೇತಿ. ಇದರರ್ಥ ನೀವು ಕೆಟ್ಟ ಪೋಷಕರೆಂದಲ್ಲ, ಈ ಮಕ್ಕಳನ್ನು ಬೆಳೆಸಲು ಮಾಮೂಲಿಗಿಂತ ಹೆಚ್ಚಿನ ಜಾಣ್ಮೆ ಬೇಕು ಎಂದು ಬಿಡಿಸಿ ಹೇಳಿ ಅಂತಲೂ ಅದು ವೈದ್ಯರಿಗೆ ತಾಕೀತು ಮಾಡುತ್ತದೆ. ಆ ಎರಡನೆಯ ಮಾತನ್ನೇ ನಮ್ಮವರು ನುಂಗಿಬಿಡುತ್ತಾರೆ.

ಆ ಜಾಣ್ಮೆ ಎಂಥದು ನೋಡಿ. ‘ಸ್ನಾನ ಮಾಡು, ಯೂನಿಫಾರಂ ಹಾಕ್ಕೋ, ಬ್ಯಾಗ್ ತಗೋ’ ಎಂದು ಅಡುಗೆಮನೆಯಿಂದಲೇ ಕೂಗಿದರೆ ಈ ಮಗುವಿನ ತಲೆಯಲ್ಲಿ ಒಂದೂ ನಿಲ್ಲದು. ಹತ್ತಿರ ಹೋಗಿ, ಮುಖ ನೋಡಿ, ಒಂದೇ ಮಾತು ಹೇಳಬೇಕು. ಮಾಡಿದ ತಕ್ಷಣ ‘ಚಪ್ಪಲಿ ಜಾಗದಲ್ಲೇ ಇಟ್ಟೆಯಲ್ಲ, ಚೆನ್ನಾಯ್ತು’ ಎಂದು ಆ ಕೆಲಸದ ಹೆಸರು ಹಿಡಿದೇ ಮೆಚ್ಚಬೇಕು. ಮಾರ್ಚ್ ಪರೀಕ್ಷೆಗೆ ಸೈಕಲ್ ಕೊಡಿಸುವ ಆಸೆ ಹುಟ್ಟಿಸಿ ಪ್ರಯೋಜನವಿಲ್ಲ. ಇವತ್ತಿನ ಕೆಲಸಕ್ಕೆ ಇವತ್ತೇ ಸ್ಟಾರ್ ಸಿಗಬೇಕು. ಕೇಳಲು ಎಷ್ಟು ಸುಲಭ! ಕೆಲಸದಿಂದ ಸುಸ್ತಾಗಿ ಬಂದು ಹೋಂವರ್ಕ್ ಮುಂದೆ ಕುಳಿತವರಿಗೆ ಗೊತ್ತು ಇದರ ಕಷ್ಟ. ಅದಕ್ಕೇ ಒಂದು ದಿನದ ಭಾಷಣ ಸಾಲದು. ವಾರವಾರವೂ ಕೂಡಿ, ಎಡವಿದ್ದನ್ನು ಹೇಳಿಕೊಂಡು, ಮತ್ತೆ ಅಭ್ಯಾಸ ಮಾಡಬೇಕು.

ಟೀಕಾಕಾರರ ಬಳಿ ಒಂದು ಗಟ್ಟಿ ಅಸ್ತ್ರವಿದೆ. ಮನೋವಿಜ್ಞಾನಿ ಎಡ್ಮಂಡ್ ಸೊನುಗಾ-ಬಾರ್ಕ್ ಮತ್ತು ಸಂಗಡಿಗರು 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಚಿಕಿತ್ಸೆಯ ವಿವರ ತಿಳಿಯದವರು ಮಾಡಿದ ಅಳತೆಯಲ್ಲಿ ಇಂಥ ತರಬೇತಿಯಿಂದ ಚಂಚಲತೆ ತಗ್ಗಿದ ಖಚಿತ ಪುರಾವೆ ಸಿಗಲಿಲ್ಲ. ಒಪ್ಪೋಣ. ಆದರೆ ಮರುವರ್ಷ ಇಂಥದೇ ಇನ್ನೊಂದು ವಿಶ್ಲೇಷಣೆಯಲ್ಲಿ, ಅದೇ ಕಟ್ಟುನಿಟ್ಟಿನ ಅಳತೆಯಲ್ಲೂ, ಪೋಷಕರ ವರ್ತನೆ ಸುಧಾರಿಸಿ ಮಕ್ಕಳ ಹಟ, ರಂಪ ತಗ್ಗಿದ್ದು ಕಂಡಿತು. ಮನೆಯಲ್ಲಿ ಕಿರುಚಾಟ ಕಡಿಮೆಯಾಗುವುದು ಸಣ್ಣ ಲಾಭವೇ? ಹಾಗಂತ ಇದು ಔಷಧಿಗೆ ಬದಲಿಯಲ್ಲ. ಔಷಧಿ ಬೇಕಾದ ಶಾಲಾಮಗುವನ್ನು ‘ಮೊದಲು ಕೋರ್ಸ್ ಮುಗಿಸಿ ಬನ್ನಿ’ ಎಂದು ಬಾಗಿಲಲ್ಲೇ ನಿಲ್ಲಿಸುವುದು ಅನ್ಯಾಯ.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಎಡಿಎಚ್‌ಡಿಗೆ ಜಾಗವಿಲ್ಲ. ಆ ಕಾಯ್ದೆಯ ಆಸರೆ ಇಲ್ಲದ ಮೇಲೆ ಹೆಚ್ಚಿನವರಿಗೆ ಉಳಿದದ್ದು ಖಾಸಗಿ ಥೆರಪಿ ಕೇಂದ್ರ. ಅಲ್ಲಿ ಎಷ್ಟೋ ಕಡೆ ಮಗು ಒಳಗೆ, ಅಮ್ಮ ಹೊರಗೆ ಬೆಂಚಿನ ಮೇಲೆ. ಮುಕ್ಕಾಲು ಗಂಟೆಗೆ ದುಡ್ಡು ತೆತ್ತು ಬಂದಮೇಲೆ ವಾರದ ಉಳಿದ ಹೊತ್ತೆಲ್ಲ ಮಗುವನ್ನು ಸಂಭಾಳಿಸಬೇಕಾದವಳಿಗೆ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರದ ‘ಮನೋಚೈತನ್ಯ’ ಎಂಬ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಅಲ್ಲೇ ಕನ್ನಡದಲ್ಲಿ, ಪುಕ್ಕಟೆಯಾಗಿ, ಕೂಲಿ ತಪ್ಪದ ಹೊತ್ತಿನಲ್ಲಿ ಈ ತರಬೇತಿ ನಡೆಯಲಿ. ಅಮ್ಮನೊಬ್ಬಳೇ ಕಲಿತು ಬಂದರೆ ಅಜ್ಜಿ ಗುಟ್ಟಾಗಿ ಚಾಕೊಲೇಟ್ ಕೊಡುತ್ತಾರೆ, ಅಪ್ಪ ಬೆಲ್ಟ್ ತೆಗೆಯುತ್ತಾನೆ. ಹಾಜರಿ ಪುಸ್ತಕದಲ್ಲಿ ಅಪ್ಪನ ಸಹಿ ಕಡ್ಡಾಯ ಮಾಡಿದರೂ ನನ್ನ ತಕರಾರಿಲ್ಲ.