ಗಾಯಕ ಹೋದರೆ ಬ್ಯಾಂಡ್ ಸತ್ತಂತಾ?

ಬೆಂಗಳೂರಿನಲ್ಲಿ ನಾಲ್ಕು ಜನ ಮೆಟಲ್ ಹುಡುಗರು ಸೇರಿದರೆ ಒಬ್ಬನಾದರೂ ಹೇಳ್ತಾನೆ, "ಬಾರ್ನ್ಸ್ ಹೋದ್ಮೇಲೆ ಕ್ಯಾನಿಬಲ್ ಕಾರ್ಪ್ಸ್ ಮುಗೀತು ಗುರು." ಅದು ಅವನ ಕಿವಿ ಹೇಳಿದ ಮಾತಲ್ಲ, ಯಾರೋ ಸೀನಿಯರ್‌ನಿಂದ ಬಂದ ಬಳುವಳಿ.

ಆಗಿದ್ದು ಇಷ್ಟು. 1995ರಲ್ಲಿ ಬ್ಯಾಂಡ್ ಐದನೇ ಆಲ್ಬಮ್ ಮಾಡ್ತಿತ್ತು. ಕ್ರಿಸ್ ಬಾರ್ನ್ಸ್ ಹಾಡಿದ್ದು ಉಳಿದವರಿಗೆ ಹಿಡಿಸಲಿಲ್ಲ, ಅವನ ಗಮನ ಬೇರೆ ಸಿಕ್ಸ್ ಫೀಟ್ ಅಂಡರ್ ಕಡೆಗಿತ್ತು. ಅವನನ್ನು ಕಳಿಸಿ ಮಾನ್‌ಸ್ಟ್ರಾಸಿಟಿ ಬ್ಯಾಂಡಿನ ಜಾರ್ಜ್ ಫಿಶರ್‌ನನ್ನು ಕರೆತಂದರು. 1996ರಲ್ಲಿ 'ವೈಲ್' ಬಂತು.

ಈಗ ನನ್ನ ಕಸುಬಿನ ಲೆಕ್ಕ. ಹಿಂದಿನ ಆಲ್ಬಮ್ 'ದ ಬ್ಲೀಡಿಂಗ್', 1994ರದ್ದು. ಅದರಲ್ಲಿದ್ದ ಬಾಸ್ ವೆಬ್‌ಸ್ಟರ್, ಗಿಟಾರ್ ಓವೆನ್ ಮತ್ತು ಬ್ಯಾರೆಟ್, ಡ್ರಮ್ಸ್ ಮಜುರ್ಕಿವಿಚ್, ನಿರ್ಮಾಪಕ ಸ್ಕಾಟ್ ಬರ್ನ್ಸ್, ಟ್ಯಾಂಪಾದ ಮಾರಿಸೌಂಡ್ ಸ್ಟುಡಿಯೋ, ಎಲ್ಲವೂ 'ವೈಲ್'ನಲ್ಲೂ ಅವೇ. ಬದಲಾಗಿದ್ದು ಒಂದೇ ವೇರಿಯಬಲ್. ಇಷ್ಟು ಕ್ಲೀನ್ ಟೆಸ್ಟ್ ಕೇಸ್ ನಮಗೆ ಆಫೀಸಲ್ಲೂ ಸಿಗಲ್ಲ! ಹಾಗಾದ್ರೆ ಆ ರಿಫ್‌ಗಳು, ಮೈ ತಿರುಚಿಕೊಂಡು ಓಡುವ ಆ ಬಾಸ್ ಯಾರದು? ಒಂದು ಎತ್ತು ಮಾರಿ ಇನ್ನೊಂದು ತಂದರೆ ಹೊಲವೇ ಹೋಯ್ತು ಅಂತ ನಮ್ಮೂರಲ್ಲಿ ಯಾರೂ ಎದೆ ಬಡ್ಕೊಳಲ್ಲ.

ಬಾರ್ನ್ಸ್ ಸಾಮಾನ್ಯನಲ್ಲ, ಒಪ್ಪಿದೆ. 1992ರ 'ಟೂಂಬ್ ಆಫ್ ದ ಮ್ಯುಟಿಲೇಟೆಡ್'ನಲ್ಲಿ ಅವನ ದನಿ ಮನುಷ್ಯನದು ಅನ್ನಿಸೋದೇ ಇಲ್ಲ, ನೆಲದಡಿಯಿಂದ ಬಂದಂಗಿದೆ. ಆ ಹೊಲಸು ಭಯ ಫಿಶರ್‌ಗೆ ಬರಲ್ಲ. ಆದರೆ ಫಿಶರ್ ಡ್ರಮ್ಸ್‌ನ ವೇಗಕ್ಕೆ ಒಂದೊಂದು ಅಕ್ಷರವನ್ನೂ ಕಡಿದು ಕಡಿದು ಹಾಕ್ತಾನೆ. 'ಡಿವೌರ್ಡ್ ಬೈ ವರ್ಮಿನ್' ಶುರುವಿನಲ್ಲೇ ಅವನು ಎಳೆಯೋ ಕೂಗು ಕೇಳಿ. ಅರ್ಜಿ ಹಾಕಿ ಕೆಲಸಕ್ಕೆ ಸೇರಿದವನ ದನಿಯಾ ಅದು?

'ವೈಲ್' ಬಿಲ್‌ಬೋರ್ಡ್ 200ರಲ್ಲಿ 151ನೇ ಸ್ಥಾನಕ್ಕೆ ಬಂತು. ಅದನ್ನ ನಾನು ಸಾಕ್ಷಿಯಾಗಿ ಕೊಡ್ತಿಲ್ಲ ಬಿಡಿ, ಚಾರ್ಟಿಗೆ ಕಿವಿ ಇಲ್ಲ.

ನನಗೆ ಉರಿಯೋದು ಬೇರೆ. ಮೈಕ್ ಹಿಡಿದವನೇ ಮಾಡಿದ್ದು ಅಂತ ನಂಬೋ ಚಟ. ಡೆಮೋ ಕೊಟ್ಟವನ ಹೆಸರು ಎಲ್ಲರಿಗೂ ಗೊತ್ತು, ರಾತ್ರಿ ಎರಡಕ್ಕೆ ಕೋಡ್ ಸರಿ ಮಾಡಿದವನು ಮೇಲ್‌ನಲ್ಲಿ 'ಟೀಮ್'. ಇಂಥ ಮೇಲ್ ಓದಿ ಹಲ್ಲು ಕಡಿಯೋರೇ ಸಂಜೆ ಬಂದು ವೆಬ್‌ಸ್ಟರ್‌ಗೆ ಅದನ್ನೇ ಮಾಡ್ತಾರೆ.

ಇನ್ನೂ ಅನುಮಾನ ಇದ್ದವರು 2003ರ ಬಾಕ್ಸ್ ಸೆಟ್ ಹುಡುಕಿ. ಬಾರ್ನ್ಸ್ ಇದ್ದಾಗಲೇ ರೆಕಾರ್ಡ್ ಆದ ಡೆಮೋಗಳು ಅದರಲ್ಲಿವೆ. ಒಂದಾದ ಮೇಲೊಂದು ಹಾಕಿ ಕೇಳಿ. ಆಮೇಲೆ ಜಗಳಕ್ಕೆ ಬನ್ನಿ, ಬಿಯರ್ ನಂದು.