ಅಢಾವೆ ಪತ್ರಿಕೆಯಲ್ಲಿ ಕಾಣದ ಹೊಣೆ

ಬಣ್ಣ, ಬ್ಯಾಟರಿ, ಬೆಸುಗೆ ಮುಂತಾದ ಉದ್ದಿಮೆಗಳ ಮಾಲೀಕರಲ್ಲಿ ರೂಢಿಯಲ್ಲಿರುವ ಮಾತೊಂದಿದೆ: "ನಮ್ಮ ಹುಡುಗರಿಗೆ ಇದೆಲ್ಲ ಅಭ್ಯಾಸವಾಗಿದೆ." ಈ ಮಾತನ್ನು ಒಪ್ಪುವ ಮುನ್ನ, ದೇಹವು ವಿಷವಸ್ತುಗಳನ್ನು ನಿಭಾಯಿಸುವ ಕ್ರಮವನ್ನು ಅರಿಯುವುದು ಒಳಿತು.

ಥಿನ್ನರ್‌ಗಳಲ್ಲಿ ಬಳಸುವ ಟಾಲೂಯಿನ್ ಉಸಿರಿನ ಮೂಲಕ ಒಳಸೇರಿದಾಗ, ಅದರ ಒಂದು ಪಾಲು ಉಸಿರಿನಲ್ಲೇ ಹೊರಹೋಗುತ್ತದೆ. ಉಳಿದುದರ ಬಹುಭಾಗವನ್ನು ಯಕೃತ್ತು ಬೆಂಜೋಯಿಕ್ ಆಮ್ಲವಾಗಿ ಮಾರ್ಪಡಿಸಿ, ಗ್ಲೈಸಿನ್‌ನೊಡನೆ ಜೋಡಿಸಿ, ಹಿಪ್ಯೂರಿಕ್ ಆಮ್ಲವಾಗಿಸುತ್ತದೆ. ಅದು ಮೂತ್ರದಲ್ಲಿ ಹೊರಬೀಳುತ್ತದೆ. ಅಲ್ಪಕಾಲ, ಅಲ್ಪ ಪ್ರಮಾಣದಲ್ಲಿ ಸೇರಿದ್ದರೆ ಒಂದೆರಡು ದಿನಗಳಲ್ಲಿ ಬಹುತೇಕ ಲೆಕ್ಕ ಚುಕ್ತಾ ಆಗುತ್ತದೆ. ಆದರೆ ದಿನವೂ ಅಧಿಕ ಪ್ರಮಾಣದಲ್ಲಿ ವರ್ಷಗಟ್ಟಲೆ ಸೇರುತ್ತಿದ್ದರೆ ನರಮಂಡಲಕ್ಕೆ ಶಾಶ್ವತ ಹಾನಿಯಾಗಬಹುದು.

ಸೀಸದ ವಿಷಯವೇ ಬೇರೆ. ಅದು ಮೂಲಧಾತುವಾದ್ದರಿಂದ ಯಕೃತ್ತು ಅದನ್ನು ಒಡೆದು ನಿರುಪದ್ರವಿಯನ್ನಾಗಿಸಲಾರದು. ಮೂತ್ರಪಿಂಡಗಳು ಅದನ್ನು ನಿಧಾನವಾಗಿಯೇ ಹೊರಹಾಕಬಲ್ಲವು. ಅಲ್ಪಾವಧಿಯ ಸಂಪರ್ಕ ನಿಂತರೆ ರಕ್ತದಲ್ಲಿನ ಸೀಸವು ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ. ದೀರ್ಘಕಾಲ ದುಡಿದವರಲ್ಲಿ ಹಾಗಲ್ಲ. ವಯಸ್ಕರ ದೇಹದಲ್ಲಿನ ಸೀಸದ ಶೇ. 90ಕ್ಕೂ ಹೆಚ್ಚು ಭಾಗ ಮೂಳೆಗಳಲ್ಲಿ ಠೇವಣಿಯಾಗಿ ದಶಕಗಳ ಕಾಲ ಉಳಿಯುತ್ತದೆ; ಕೆಲಸ ಬಿಟ್ಟ ಮೇಲೂ ಅಲ್ಲಿಂದ ರಕ್ತಕ್ಕೆ ಮರಳುತ್ತಿರುತ್ತದೆ. ರಕ್ತಹೀನತೆ, ಅಧಿಕ ರಕ್ತದೊತ್ತಡ, ಮೂತ್ರಪಿಂಡದ ಹಾನಿ ಅದಕ್ಕೆ ತೆರಬೇಕಾದ ಬಡ್ಡಿ. ನಾವು 'ಅಭ್ಯಾಸ' ಎನ್ನುವುದು ವಾಸ್ತವದಲ್ಲಿ ಲೆಕ್ಕಕ್ಕೆ ಬಾರದೆ ಬೆಳೆಯುತ್ತಿರುವ ಹೊಣೆ. ಹಾಲು, ಬೆಲ್ಲ, ಬಾಳೆಹಣ್ಣುಗಳನ್ನು ಕೊಟ್ಟು ಅದನ್ನು ತೀರಿಸಲಾಗದು.

1948ರ ಕಾರ್ಖಾನೆ ಕಾಯಿದೆಯು ಅಧಿಸೂಚಿತ ರೋಗಗಳ ಪಟ್ಟಿಯಲ್ಲಿ ಸೀಸದ ವಿಷಬಾಧೆಯನ್ನೇ ಮೊದಲನೆಯದಾಗಿ ಹೆಸರಿಸಿತ್ತು. ಅಮೆರಿಕದ 1978ರ ನಿಯಮವು, ರಕ್ತದಲ್ಲಿ ಸೀಸ ಮಿತಿಮೀರಿದ ಕಾರ್ಮಿಕನನ್ನು ಆ ಕೆಲಸದಿಂದ ದೂರವಿರಿಸಿ, 18 ತಿಂಗಳವರೆಗೆ ಆತನ ವೇತನವನ್ನು ಕಾಪಾಡಬೇಕೆಂದು ವಿಧಿಸಿತು. ಅಲ್ಲಿ ದೇಹಕ್ಕೆ ಬೇಕಾದ ಕಾಲಾವಕಾಶದ ಖರ್ಚನ್ನು ಉದ್ಯಮದ ಖಾತೆಗೇ ಬರೆಯಲಾಯಿತು. ಇದೇ ನ್ಯಾಯವೆಂದು ನನ್ನ ಅಭಿಮತ.

ಸಣ್ಣ ಘಟಕಕ್ಕೆ ಇದೆಲ್ಲ ಹೊರೆಯೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಧೂಳನ್ನು ಒಣಗುಡಿಸದೆ ಒದ್ದೆಮಾಡಿ ತೆಗೆಯುವುದು, ಊಟಕ್ಕೆ ಪ್ರತ್ಯೇಕ ಸ್ಥಳ, ಕೈತೊಳೆಯಲು ಸಾಬೂನು, ಕೆಲಸದ ಬಟ್ಟೆ ಮನೆಗೆ ಹೋಗದಂತೆ ಏರ್ಪಾಡು ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಹೊಗೆ ಹೀರುವ ಯಂತ್ರಕ್ಕೆ ಬಂಡವಾಳ ಬೇಕು, ನಿಜ. ರಕ್ತಪರೀಕ್ಷೆಯನ್ನಾದರೋ ಒಂದೇ ವಸಾಹತಿನ ಹತ್ತು ಘಟಕಗಳು ಕೂಡಿ ಏರ್ಪಡಿಸಿದರೆ ತಲಾ ವೆಚ್ಚ ಇಳಿಯುತ್ತದೆ. ನಮ್ಮ ಸಂಸ್ಥೆಯು ಈ ಕಾರ್ಯದಲ್ಲಿ ಮುಂದಾಗಲಿ. ಯಂತ್ರದ ಸವಕಳಿಗೆ ವರ್ಷ ವರ್ಷವೂ ಹಣ ತೆಗೆದಿರಿಸುವ ನಾವು, ಅದನ್ನು ನಡೆಸುವವನ ಸವಕಳಿಯನ್ನು ಮರೆಯುವುದು ಯಾವ ಲೆಕ್ಕಶಾಸ್ತ್ರಕ್ಕೂ ಸಮ್ಮತವಲ್ಲ.